ಹೆಬ್ಬೆಟ್ಟಿನ ಹಿಂದಿನ ಕಡತ

ನಮ್ಮ ಕಡೆ ‘ಹೆಬ್ಬೆಟ್ಟು’ ಎಂದರೆ ಬೆರಳೂ ಹೌದು, ಅಕ್ಷರ ಬಾರದವನಿಗೆ ಅಂಟಿಸುವ ಹೆಸರೂ ಹೌದು. ಸಹಿ ಹಾಕುವವನು ಮೇಲು, ಹೆಬ್ಬೆಟ್ಟು ಒತ್ತುವವನು ಕೀಳು ಎಂಬ ಭಾವನೆಯಿಂದ ನಾವಿನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ಆದರೆ ನಮ್ಮನ್ನು ಆಳಿದವರು ಸಹಿಗಿಂತ ಬೆರಳನ್ನೇ ಹೆಚ್ಚು ನಂಬಿದರು. ಆ ನಂಬಿಕೆ ಬೆಳೆದದ್ದು ಸರಕಾರಿ ಪತ್ರವ್ಯವಹಾರದ ನಡುವೆ. ಅದೇ ಪತ್ರಗಳ ನಡುವೆ ಬಹುಕಾಲ ಮರೆಯಲ್ಲಿದ್ದ ಒಂದು ಹೆಸರಿದೆ: ಖಾಜಿ ಅಜೀಜುಲ್ ಹಕ್.

ಆಗಿನ ಹಿಂದೂಸ್ತಾನ ಒಂದೇ ಅಧಿಕಾರದ ನಾಡಾಗಿರಲಿಲ್ಲ. ಬ್ರಿಟಿಷ್ ಪ್ರಾಂತಗಳ ನಡುವೆ ನೂರಾರು ಸಂಸ್ಥಾನಗಳಿದ್ದವು. ನಮ್ಮ ಬೆಂಗಳೂರನ್ನೇ ನೋಡಿ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. 1947ರವರೆಗೆ ಪೇಟೆಗೆ ಒಂದು ಅಧಿಕಾರ, ದಂಡಿಗೆ ಇನ್ನೊಂದು. ಕಳ್ಳನಿಗೆ ಗಡಿ ದಾಟಲು ಕಾಲಿದ್ದರೆ ಸಾಕು, ಅವನನ್ನು ಮರಳಿ ತರಲು ಪೊಲೀಸರಿಗೆ ಕಾಗದ ಬೇಕು. 1879 ಮತ್ತು 1903ರ ಅಪರಾಧಿ ಹಸ್ತಾಂತರ ಕಾಯಿದೆಗಳು ಈ ಕಾಗದದ ದಾರಿಯನ್ನು ಗೊತ್ತುಮಾಡಿದವು. 1903ರ ಕಾಯಿದೆಯಂತೆ, ಸಂಸ್ಥಾನದಲ್ಲಿ ಅಪರಾಧ ಮಾಡಿ ಓಡಿಹೋದವನಿಗಾಗಿ ಅಲ್ಲಿನ ಪೊಲಿಟಿಕಲ್ ಏಜೆಂಟರು ಬ್ರಿಟಿಷ್ ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೆ ವಾರಂಟು ಕಳಿಸಬಹುದಿತ್ತು.

ಆದರೆ ವಾರಂಟಿನಲ್ಲಿರುವವನೂ ಕೈಗೆ ಸಿಕ್ಕವನೂ ಒಬ್ಬನೇ ಎಂದು ಹೇಳುವುದು ಹೇಗೆ? ಹೆಸರು ಬದಲಾಯಿಸಬಹುದು, ಗಡ್ಡ ಬಿಡಬಹುದು, ಬೋಳಿಸಬಹುದು. ‘ಎಣ್ಣೆಗೆಂಪು ಬಣ್ಣ, ಸಾಧಾರಣ ಎತ್ತರ’ ಎಂದು ಬರೆದರೆ ಅರ್ಧ ಊರೇ ಅದಕ್ಕೆ ಹೊಂದುತ್ತದೆ. 1890ರ ದಶಕದಲ್ಲಿ ಬಂಗಾಳದ ಪೊಲೀಸರು ಫ್ರಾನ್ಸಿನ ಬರ್ಟಿಲನ್ ಪದ್ಧತಿಯಂತೆ ಕೈದಿಗಳ ತಲೆ, ತೋಳು, ಪಾದ ಅಳೆದು ನೋಡಿದರು. ಆದರೆ ಅಳೆಯುವ ಕೈ ಬದಲಾದರೆ ಅಳತೆಯೂ ಬದಲಾಗುತ್ತಿತ್ತು.

ಬೆರಳಿನ ಗೆರೆಗಳ ವಿಷಯ ಹೊಸದೇನಾಗಿರಲಿಲ್ಲ. ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರಲ್ಲೇ ಬಂಗಾಳದ ಜಂಗೀಪುರದಲ್ಲಿ ಒಬ್ಬ ಗುತ್ತಿಗೆದಾರನ ಅಂಗೈ ಗುರುತನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡಿದ್ದ. ಗುರುತು ಪಡೆಯುವುದು ಸುಲಭ. ಸಾವಿರಾರು ಕಾಗದಗಳ ರಾಶಿಯಿಂದ ಬೇಕಾದ ಒಂದನ್ನು ಹುಡುಕಿ ತೆಗೆಯುವುದೇ ಕಷ್ಟ.

ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳು ಈ ಕಷ್ಟವನ್ನು ಬಿಡಿಸಿದರು. ಒಬ್ಬರು ಖುಲ್ನಾ ಕಡೆಯ ಅಜೀಜುಲ್ ಹಕ್. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವರು. ಇನ್ನೊಬ್ಬರು ಹೇಮಚಂದ್ರ ಬೋಸ್. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಪ್ರತಿ ಬೆರಳಿನಲ್ಲಿ ಸುಳಿ ಇದೆಯೋ ಇಲ್ಲವೋ ಎಂದು ನೋಡುವುದು. ಒಂದು ಜೋಡಿಗೆ ನಾಲ್ಕು ಸಾಧ್ಯತೆ. ಐದು ಜೋಡಿಗೆ ನಾಲ್ಕನ್ನು ಐದು ಸಲ ಗುಣಿಸಿದರೆ 1024. ಅಂದರೆ ಅಡ್ಡಕ್ಕೆ 32, ಉದ್ದಕ್ಕೆ 32 ಗೂಡುಗಳ ಒಂದು ಬೀರು. ಕೈದಿಯ ಬೆರಳು ನೋಡಿದರೆ ಯಾವ ಗೂಡಿಗೆ ಕೈಹಾಕಬೇಕೆಂದು ತಿಳಿಯುತ್ತದೆ. ಅಂಗೈ ನೋಡುವವರು ಶಂಖ, ಚಕ್ರ ಎಣಿಸಿ ಭವಿಷ್ಯ ಹೇಳುತ್ತಿದ್ದರು. ಈ ಬೀರು ಹೇಳಿದ್ದು ಮನುಷ್ಯನ ಭೂತಕಾಲವನ್ನು.

1897ರಲ್ಲಿ ಕಲ್ಕತ್ತೆಯಲ್ಲಿ ಬೆರಳು ಮುದ್ರೆಯ ದಫ್ತರ ತೆರೆಯಿತು. ಅದೇ ವರ್ಷ ಜಲಪಾಯಿಗುರಿ ಜಿಲ್ಲೆಯ ಚಹಾತೋಟದ ಮ್ಯಾನೇಜರನೊಬ್ಬನ ಕೊಲೆಯಾಯಿತು. ಪಂಚಾಂಗದ ಮೇಲಿದ್ದ ರಕ್ತದ ಗುರುತು, ಹಿಂದೆ ಶಿಕ್ಷೆಯಾಗಿದ್ದ ಹಳೆಯ ಆಳೊಬ್ಬನ ಬೆರಳಿಗೆ ಹೊಂದಿತು. 1898ರಲ್ಲಿ ನ್ಯಾಯಾಲಯ ಅವನನ್ನು ಕಳ್ಳತನಕ್ಕೆ ಶಿಕ್ಷಿಸಿತು, ಕೊಲೆಯ ಆರೋಪದಿಂದ ಬಿಟ್ಟಿತು. ಬೆರಳು ಅವನು ಅಲ್ಲಿದ್ದನೆಂದು ಹೇಳಿತು, ಏನು ಮಾಡಿದನೆಂದು ಹೇಳಲಿಲ್ಲ. ಆ ವಿವೇಕ ಎಲ್ಲ ಕಾಲಕ್ಕೂ ಬೇಕಾದದ್ದು.

1901ರಲ್ಲಿ ಹೆನ್ರಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋದ. ಜಗತ್ತು ಈ ಪದ್ಧತಿಯನ್ನು ‘ಹೆನ್ರಿ ಪದ್ಧತಿ’ ಎಂದು ಕರೆಯಿತು. ಹಕ್ ಬಿಹಾರದ ಪೊಲೀಸ್ ಇಲಾಖೆಯಲ್ಲಿ ಉಳಿದರು. 1920ರ ದಶಕದಲ್ಲಿ ಅವರ ಮನವಿ ಬಿಹಾರ-ಒರಿಸ್ಸಾ ಸರಕಾರದಿಂದ ಕೇಂದ್ರ ಸರಕಾರಕ್ಕೆ ಹೋಯಿತು, ವಿಷಯ ಲಂಡನ್ನಿನ ಇಂಡಿಯಾ ಆಫೀಸಿಗೂ ಮುಟ್ಟಿತು. ತನ್ನ ಸಿಬ್ಬಂದಿಯಲ್ಲಿ ಈ ವರ್ಗೀಕರಣಕ್ಕೆ ಎಲ್ಲರಿಗಿಂತ ಹೆಚ್ಚು ದುಡಿದವರು ಹಕ್ ಎಂದು 1926ರಲ್ಲಿ ಹೆನ್ರಿಯೇ ಬರೆದುಕೊಟ್ಟ. ಖಾನ್ ಬಹಾದೂರ್ ಬಿರುದು ಮೊದಲೇ ಬಂದಿತ್ತು, ಜೊತೆಗೆ ಐದು ಸಾವಿರ ರೂಪಾಯಿಯ ಗೌರವಧನ ಸಿಕ್ಕಿತು. ಪದ್ಧತಿಯ ಹೆಸರು ಮಾತ್ರ ಬದಲಾಗಲಿಲ್ಲ. 1935ರಲ್ಲಿ ಅವರು ಮೋತಿಹಾರಿಯಲ್ಲಿ ತೀರಿಕೊಂಡರು. 2005ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಈ ಇಬ್ಬರ ಬಗ್ಗೆ ಲೇಖನವೊಂದನ್ನು ಪ್ರಕಟಿಸಿತು.

‘ನಮ್ಮವನೊಬ್ಬನಿಗೆ ಅನ್ಯಾಯವಾಯಿತು’ ಎಂದು ಇಲ್ಲಿಗೇ ಮಾತು ನಿಲ್ಲಿಸುವುದು ಸುಲಭ. ಆದರೆ ಆ ಬೀರುವಿನೊಳಗೆ ಸೇರಿದವರೂ ನಮ್ಮವರೇ. 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳ ಬೆರಳು ಮುದ್ರೆ ತೆಗೆದುಕೊಳ್ಳಲು ಅನುಮತಿಸಿತು. ತಪ್ಪು ಮಾಡಿರಬೇಕೆಂದಿಲ್ಲ, ಆ ಕುಲದಲ್ಲಿ ಹುಟ್ಟಿದ್ದರೆ ಸಾಕು. ಹುಬ್ಬಳ್ಳಿಯಲ್ಲಿ ಇಂಥವರನ್ನು ಬೇಲಿಯೊಳಗೆ ಇಟ್ಟಿದ್ದ ಜಾಗವನ್ನು ಜನ ಈಗಲೂ ‘ಸೆಟ್ಲಮೆಂಟ್’ ಎಂದೇ ಕರೆಯುತ್ತಾರೆ. ಇಂಥ ಕಾಯಿದೆಗಳು ರದ್ದಾದದ್ದು 1952ರಲ್ಲಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನಲ್ಲಿ ಅಲ್ಲಿನ ಹಿಂದೂಸ್ತಾನಿಗಳೆಲ್ಲ ಬೆರಳು ಒತ್ತಬೇಕೆಂಬ ಕಾನೂನು ಬಂದಾಗ, 1906ರ ಸೆಪ್ಟೆಂಬರ್ 11ರ ಜೋಹಾನ್ಸ್‌ಬರ್ಗ್ ಸಭೆಯಲ್ಲಿ ದೇವರನ್ನು ಸಾಕ್ಷಿಯಾಗಿಟ್ಟು ಒಪ್ಪೆವೆಂದವರು ಸೇಠ್ ಹಾಜಿ ಹಬೀಬ್. ಗಾಂಧೀಜಿಯ ಸತ್ಯಾಗ್ರಹಕ್ಕೆ ಅಲ್ಲಿಂದಲೇ ಚಾಲನೆ ಸಿಕ್ಕಿತು.

ಒಬ್ಬರು ಲೆಕ್ಕ ಕಟ್ಟಿದರು, ಇನ್ನೊಬ್ಬರು ಆ ಲೆಕ್ಕಕ್ಕೆ ಬೆರಳು ಕೊಡೆವೆಂದರು. ಇಬ್ಬರನ್ನೂ ನಾವು ನೆನೆಯಬೇಕು. ಹಕ್ ಸಾಹೇಬರ ಗಣಿತ ತಪ್ಪಲ್ಲ. ನಿರಪರಾಧಿಯನ್ನು ಬಿಡಿಸಲು ಅದು ಇಂದಿಗೂ ನೆರವಾಗುತ್ತದೆ. ಆದರೆ ಯಾರ ಬೆರಳು ಒತ್ತಿಸಬೇಕು, ಯಾರ ಹೆಸರು ಬರೆಯಬೇಕು ಎಂದು ಗೊತ್ತುಮಾಡಿದವರು ಬೇರೆ. ರೇಷನ್ ಅಂಗಡಿಯ ಯಂತ್ರದ ಮುಂದೆ ದುಡಿದು ಸವೆದ ಬೆರಳುಗಳು ಇಂದೂ ತಮ್ಮ ಗುರುತಿಗಾಗಿ ಕಾಯುವಾಗ, ಆ ಹಳೆಯ ಕಡತದ ಪ್ರಶ್ನೆ ಇನ್ನೂ ಮುಗಿದಿಲ್ಲವೆಂದು ನಮಗೆ ಅನಿಸುತ್ತದೆ.