ಕಾಲುಚೀಲದಲ್ಲಿ ಊರು ಸೇರಿದ ಒಪ್ಪಂದ

ಉಮ್ಮತ್ತಿನ ಸಹೋದರತೆಯ ಮಾತನ್ನು ನಾವು ಜುಮಾ ಖುತ್‌ಬಾಗಳಲ್ಲಿ ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಅದು ಸರಕಾರಗಳ ನಡುವೆ ಎಂದಾದರೂ ನಡೆದದ್ದುಂಟೇ ಎಂದು ಮನೆಯ ಮಕ್ಕಳು ಕೇಳಿದರೆ ಉತ್ತರಕ್ಕೆ ತಡವರಿಸುತ್ತೇವೆ. ಅವರಿಗೆ ಹೇಳಬಹುದಾದ ಒಂದು ಪ್ರಸಂಗ ಈಜಿಪ್ಟ್ ಮತ್ತು ಇಂಡೋನೇಷ್ಯಾಗಳದ್ದು.

1945ರ ಆಗಸ್ಟ್ 17ರಂದು ಸುಕಾರ್ನೊ ಮತ್ತು ಹತ್ತಾ ಜಕಾರ್ತದಲ್ಲಿ ಸ್ವಾತಂತ್ರ್ಯ ಘೋಷಿಸಿದರು. ಘೋಷಿಸಿದ್ದೇನೋ ಆಯಿತು, ಒಪ್ಪಿಕೊಳ್ಳುವವರು ಯಾರು? ಡಚ್ಚರು ತಮ್ಮ ಹಳೆಯ ವಸಾಹತನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಸಮುದ್ರಮಾರ್ಗಕ್ಕೆ ದಿಗ್ಬಂಧನ ಹಾಕಿದರು. ಹೊಸ ಗಣರಾಜ್ಯ ತನ್ನ ರಾಜಧಾನಿಯನ್ನು ಯೋಗ್ಯಕರ್ತಕ್ಕೆ ಒಯ್ಯಬೇಕಾಯಿತು.

ಆ ಗಣರಾಜ್ಯಕ್ಕೆ ಕೈರೋದಲ್ಲಿ ರಾಯಭಾರ ಕಚೇರಿ ಇರಲಿಲ್ಲ. ಇದ್ದವರು ವಿದ್ಯಾರ್ಥಿಗಳು. ಅಲ್ ಅಝ್‌ಹರ್‌ನಲ್ಲಿ ಜಾವಾ ಕಡೆಯವರಿಗಾಗಿ ಒಂದು ರಿವಾಕ್ ಬಹಳ ಹಿಂದಿನಿಂದಲೂ ಇತ್ತು. ಅಲ್ಲಿ ಓದಲು ಬಂದಿದ್ದ ಝೈನ್ ಹಸನ್‌ರಂತಹ ತರುಣರು ತಮ್ಮ ನಾಡಿನ ಸುದ್ದಿಯನ್ನು ಪತ್ರಿಕೆಗಳಿಗೆ, ಉಲಮಾಗಳಿಗೆ, ನಾಯಕರಿಗೆ ಮುಟ್ಟಿಸಿದರು. 1946ರ ನವೆಂಬರ್ 18ರಂದು ಅರಬ್ ಲೀಗ್, ಇಂಡೋನೇಷ್ಯಾವನ್ನು ಸ್ವತಂತ್ರ ರಾಷ್ಟ್ರವೆಂದು ಮಾನ್ಯ ಮಾಡುವಂತೆ ತನ್ನ ಸದಸ್ಯ ದೇಶಗಳಿಗೆ ಶಿಫಾರಸು ಮಾಡಿತು.

ನಿರ್ಣಯವನ್ನು ತಲುಪಿಸುವುದು ಹೇಗೆ? ಆ ಕೆಲಸ ಬಿದ್ದದ್ದು ನಮ್ಮ ಬೊಂಬಾಯಿಯಲ್ಲಿದ್ದ ಈಜಿಪ್ಟ್‌ನ ಕಾನ್ಸುಲ್ ಜನರಲ್ ಮುಹಮ್ಮದ್ ಅಬ್ದುಲ್ ಮುನ್‌ಇಮ್ ಅವರ ಮೇಲೆ. 1947ರ ಮಾರ್ಚ್‌ನಲ್ಲಿ ಅವರು ಸಿಂಗಾಪುರದ ಮೂಲಕ, ಡಚ್ಚರ ದಿಗ್ಬಂಧನವನ್ನು ಲೆಕ್ಕಿಸದೆ, ವಿಮಾನದಲ್ಲಿ ಯೋಗ್ಯಕರ್ತ ತಲುಪಿ ಸುಕಾರ್ನೊಗೆ ಸಂದೇಶ ಒಪ್ಪಿಸಿದರು. ಪಠ್ಯಪುಸ್ತಕಗಳಲ್ಲಿ ಈ ಹೆಸರು ಕಾಣುವುದಿಲ್ಲ. ಕಾಣಬೇಕಿತ್ತು.

ಪ್ರತಿಯಾಗಿ ಕೈರೋಗೆ ಹೋದ ನಿಯೋಗದ ಮುಂದಾಳು ಹಾಜಿ ಅಗುಸ್ ಸಲೀಂ. ದೆಹಲಿಯ ಏಷ್ಯನ್ ಬಾಂಧವ್ಯ ಸಮ್ಮೇಳನ ಮುಗಿಸಿಕೊಂಡು ಅವರು ಅತ್ತ ಹೊರಟರು. ಇವರದೊಂದು ಸ್ವಾರಸ್ಯವಿದೆ. ಯೌವನದಲ್ಲಿ ಅವರು ಜಿದ್ದಾದ ಡಚ್ ಕಾನ್ಸುಲೇಟಿನಲ್ಲಿ ನೌಕರರಾಗಿದ್ದರು. ಹಜ್ಜ್‌ಗೆ ಬರುವ ತಮ್ಮ ನಾಡಿನವರ ವ್ಯವಹಾರಗಳ ನಡುವೆ, ಹರಮಿನ ಉಲಮಾಗಳ ಒಡನಾಟದಲ್ಲಿ ಅವರ ಅರಬಿ ಪಳಗಿತ್ತು. ಡಚ್ಚರ ಸಂಬಳದಲ್ಲಿದ್ದಾಗ ಪಳಗಿದ ಆ ಭಾಷೆ ಈಗ ಡಚ್ಚರ ವಿರುದ್ಧವೇ ಬಳಕೆಗೆ ಬಂತು!

1947ರ ಜೂನ್ 10ರಂದು ಪ್ರಧಾನಿ ನುಕ್ರಾಶಿ ಪಾಶಾ ಮತ್ತು ಅಗುಸ್ ಸಲೀಂ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು. ಸಹಿಗೆ ಮುಂಚೆ ಡಚ್ ರಾಯಭಾರಿ ಬಂದು ಪ್ರತಿಭಟಿಸಿದರೆಂದೂ ಪ್ರಧಾನಿ ಮಣಿಯಲಿಲ್ಲವೆಂದೂ ಹೇಳುತ್ತಾರೆ. ಎಲ್ಲವೂ ಸಹೋದರತೆಯೇ ಎಂದು ನಾವು ಹೇಳಲಾರೆವು. ಸೂಯೆಜ್ ದಂಡೆಯಲ್ಲಿ ಬ್ರಿಟಿಷ್ ಸೈನ್ಯ ಬೀಡುಬಿಟ್ಟಿದ್ದ ಈಜಿಪ್ಟ್‌ಗೂ ವಸಾಹತುಶಾಹಿಯ ವಿರುದ್ಧ ಜೊತೆಗಾರರು ಬೇಕಿದ್ದರು. ಹಾಗಿದ್ದರೂ, ಕೊಡಲು ಏನೂ ಇಲ್ಲದ ಒಂದು ಸರಕಾರಕ್ಕಾಗಿ ಯುರೋಪಿನ ದೇಶವೊಂದರ ಮುನಿಸು ಕಟ್ಟಿಕೊಂಡದ್ದು ಸಣ್ಣ ಮಾತಲ್ಲ.

ಒಪ್ಪಂದದ ಪತ್ರವನ್ನು ಊರಿಗೆ ಒಯ್ಯುವ ಹೊಣೆ ನಿಯೋಗದ ಸದಸ್ಯ, ಪತ್ರಕರ್ತ ಎ. ಆರ್. ಬಸ್ವೇದಾನ್ ಅವರದಾಯಿತು. ಅವರ ಹಿರಿಯರು ಯಮನಿನ ಹಳ್ರಮೌತಿನವರು. ಡಚ್ಚರ ತಪಾಸಣೆಗೆ ಸಿಗದಂತೆ ಅದನ್ನು ಕಾಲುಚೀಲದೊಳಗೆ ಅಡಗಿಸಿಟ್ಟುಕೊಂಡು ಜಕಾರ್ತದ ವಿಮಾನ ನಿಲ್ದಾಣ ದಾಟಿದರೆಂಬುದು ಇಂಡೋನೇಷ್ಯಾದಲ್ಲಿ ಇಂದಿಗೂ ಹೇಳುವ ಕಥೆ.

ಮರು ತಿಂಗಳೇ, ಜುಲೈ 21ರಂದು, ಡಚ್ ಸೈನ್ಯ ಜಾವಾ ಮತ್ತು ಸುಮಾತ್ರಾಗಳ ಮೇಲೆ ದಾಳಿ ಮಾಡಿತು. ಆಗ ಪೋರ್ಟ್ ಸಯೀದ್‌ನ ಬಂದರು ಕಾರ್ಮಿಕರು ಡಚ್ ಹಡಗಿಗೆ ನೀರು, ಆಹಾರ ಪೂರೈಸಲು ನಿರಾಕರಿಸಿದರು. ಅವರ ಹೆಸರುಗಳು ಯಾವ ಒಪ್ಪಂದದಲ್ಲೂ ಇಲ್ಲ.

ಡಚ್ಚರು ಕೊನೆಗೂ ಅಧಿಕಾರ ಹಸ್ತಾಂತರಿಸಿದ್ದು 1949ರ ಡಿಸೆಂಬರ್ 27ರಂದು. ಅದನ್ನು ನೋಡಲು ನುಕ್ರಾಶಿ ಪಾಶಾ ಇರಲಿಲ್ಲ. ಹಿಂದಿನ ವರ್ಷ ಡಿಸೆಂಬರ್ 28ರಂದು ಕೈರೋದಲ್ಲಿ ಅವರು ಹತ್ಯೆಗೀಡಾಗಿದ್ದರು.