ಕಾರ್ಡ್‌ಲೆಸ್ ಉಪಕರಣಗಳು ಮತ್ತು ಲಿಥಿಯಂ ಬ್ಯಾಟರಿ
ಕಾರ್ಡ್‌ಲೆಸ್ ಉಪಕರಣಗಳೆಂದರೆ ವೈರಿನ ಬದಲು ಕಳಚಬಹುದಾದ ಬ್ಯಾಟರಿಯಿಂದ ನಡೆಯುವ ಡ್ರಿಲ್, ಗ್ರೈಂಡರ್, ಗರಗಸ ಮುಂತಾದವು. ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ 1961ರಲ್ಲಿ ತಂದ ಡ್ರಿಲ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯದು. 2005ರ ಸುಮಾರಿಗೆ ಲಿಥಿಯಂ-ಅಯಾನ್ ಬಂದಿತು. ಕರೆಂಟ್ ಇಲ್ಲದ ಹೊಲಗದ್ದೆಗಳಲ್ಲೂ ಕೆಲಸ ನಡೆಸುವುದೇ ಈ ಉಪಕರಣಗಳ ದೊಡ್ಡ ಗುಣ.

18 ವೋಲ್ಟ್ ಬ್ಯಾಟರಿಯಲ್ಲಿ ತಲಾ 3.6 ವೋಲ್ಟಿನ ಐದು ಸೆಲ್‌ಗಳು ಸರಣಿಯಲ್ಲಿರುತ್ತವೆ. ಪೂರ್ತಿ ಚಾರ್ಜಾದಾಗ ಒಟ್ಟು 21 ವೋಲ್ಟ್. ಸೆಲ್ ತೀರಾ ಬರಿದಾದರೆ ಒಳಗಿನ ತಾಮ್ರ ಕರಗುತ್ತದೆ; ಅಂಥದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಊರುಗಳಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ತಗಡಿನ ಶೆಡ್ಡಿನಲ್ಲಿ, ನಿಲ್ಲಿಸಿದ ವಾಹನದಲ್ಲಿ ಬ್ಯಾಟರಿ ಇಡಬಾರದು. ಬಹುಕಾಲ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ ನೆರಳಲ್ಲಿಡುವುದು ಒಳ್ಳೆಯದು.

ಎಸೆಯಬೇಕಾದ ಬ್ಯಾಟರಿಯ ಚಾರ್ಜ್ ಇಳಿಸಲು ಸುಲಭ ದಾರಿ, ಉಪಕರಣವನ್ನು ಅದು ತಾನೇ ನಿಲ್ಲುವವರೆಗೆ ಹಗುರ ಹೊರೆಯಲ್ಲಿ ಓಡಿಸುವುದು. ಆಮೇಲೂ ಸ್ವಲ್ಪ ಚಾರ್ಜ್ ಉಳಿದಿರುವುದರಿಂದ ತುದಿಗಳಿಗೆ ಟೇಪ್ ಸುತ್ತಬೇಕು. ಉಪ್ಪುನೀರಿನಲ್ಲಿ ಮುಳುಗಿಸುವ ರೂಢಿ ಸಲ್ಲದು: ತುದಿಗಳು ತುಕ್ಕು ಹಿಡಿದು ಚಾರ್ಜ್ ಒಳಗೇ ಉಳಿಯುತ್ತದೆ, ಹೈಡ್ರೋಜನ್ ಅನಿಲವೂ ಹೊರಡುತ್ತದೆ. ಉಬ್ಬಿದ, ಜಜ್ಜಿದ ಬ್ಯಾಟರಿಯ ಚಾರ್ಜ್ ಇಳಿಸಲು ಹೋಗದೆ ಬಯಲಿನಲ್ಲಿ ಒಣ ಮರಳಿನ ಬಕೆಟ್ಟಿನಲ್ಲಿಡಬೇಕು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ.