‘ಕೈಕೊಡು’: ಒಂದು ನುಡಿಗಟ್ಟಿನ ಅರ್ಥವಿಪರ್ಯಯ

ಇಂಗ್ಲಿಷಿನ ಆಡುಮಾತಿನಲ್ಲಿ ‘ಗಿವ್ ಎ ಹ್ಯಾಂಡ್’ ಎಂದರೆ ನೆರವಾಗು. ಅದೇ ಪದಗಳಿಂದಾದ ಕನ್ನಡದ ‘ಕೈಕೊಡು’ ಇಂದು ಬಹುಮಟ್ಟಿಗೆ ನಡುದಾರಿಯಲ್ಲಿ ಬಿಟ್ಟುಹೋಗುವುದನ್ನು ಸೂಚಿಸುತ್ತದೆ. ಮಳೆಯಾಶ್ರಿತ ಶೇಂಗಾ ಬೆಳೆಯುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ‘ಮಳೆ ಕೈಕೊಟ್ಟಿತು’ ಎಂಬುದು ಬರದ ವಾಕ್ಯ. ‘ಮಳೆ ಕೈಹಿಡಿಯಿತು’ ಎಂಬುದು ಸುಗ್ಗಿಯದು. ಮೊದಲನೆಯದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದರೆ ರೈತನ ಅಹವಾಲು ಕೃತಜ್ಞತೆಯಾಗಿ ಕೇಳಿಸೀತು.

ಬರೆಹಕ್ಕೂ ಓದಿಗೂ ನಡುವಿನ ಅಂತರ ಈ ನೆಲಕ್ಕೆ ಹೊಸದಲ್ಲ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನದ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಬರೆದ ಚಪಡನು ‘ಲಿಪಿಕಾರ’ನೆಂಬ ತನ್ನ ವೃತ್ತಿಸೂಚಕ ಪದವನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಮೂಡಿಸಿದನು. ಅದನ್ನು ತಿಳಿಯಲು ಅವನ ಹಿನ್ನೆಲೆ ಬೇಕು. ‘ಕೈಕೊಡು’ವನ್ನು ತಿಳಿಯಲು ಇಲ್ಲಿನ ಮುಂಗಾರು ಬೇಕು ಎಂದು ನಾವು ಭಾವಿಸುತ್ತೇವೆ.